ಡೊಂಬಿವಲಿಯ ಸೂರ್ಯ, ಊರಿನ ರಾಹುಕಾಲ

ಡೊಂಬಿವಲಿಯಲ್ಲಿ ವರ್ಷದ ಯಾವ ದಿನವೂ ಗಡಿಯಾರದ 12 ಗಂಟೆಗೆ ನಡುಮಧ್ಯಾಹ್ನ ಆಗುವುದಿಲ್ಲ. ಅತಿ ಬೇಗ ಎಂದರೆ ನವೆಂಬರ್ ಮೊದಲ ವಾರದಲ್ಲಿ 12.21ಕ್ಕೆ, ಅತಿ ತಡವೆಂದರೆ ಫೆಬ್ರವರಿ ಎರಡನೆಯ ವಾರದಲ್ಲಿ 12.52ಕ್ಕೆ ಸೂರ್ಯ ಅಲ್ಲಿ ಆ ದಿನದ ಅತಿ ಹೆಚ್ಚಿನ ಎತ್ತರ ಮುಟ್ಟುತ್ತಾನೆ. ವರ್ಷದ ಸರಾಸರಿ ತೆಗೆದರೆ 12.38. ಥಾಣೆ, ಕಲ್ಯಾಣ, ವಾಶಿ, ಪನವೇಲ್ ಎಲ್ಲ ಕಡೆಯೂ ಇದೇ ಲೆಕ್ಕ, ಅರ್ಧ ನಿಮಿಷ ಆಚೆ ಈಚೆ. ನಂಬಿಕೆ ಬಾರದವರು ಮೇ 16ರ ಆಸುಪಾಸಿನಲ್ಲಿ ಸೊಸೈಟಿಯ ಟೆರೇಸಿಗೆ ಒಂದು ಉದ್ದನೆಯ ಸ್ಟೀಲು ಡಬ್ಬ ತೆಗೆದುಕೊಂಡು ಹೋಗಿ ನಿಲ್ಲಿಸಿ ನೋಡಬಹುದು. ಆ ದಿನಗಳಲ್ಲಿ ಸೂರ್ಯ ಈ ಊರುಗಳ ನೆತ್ತಿಯ ಮೇಲೇ ಹಾಯುತ್ತಾನೆ. ಡಬ್ಬದ ನೆರಳು ಡಬ್ಬದ ಬುಡಕ್ಕೇ ಸೇರಿ ಇಲ್ಲವಾಗುತ್ತದೆ. ಅದು ನಡೆಯುವುದು 12.34ಕ್ಕೆ.

ಈಗ ಬುಧವಾರದ ರಾಹುಕಾಲ ಎಷ್ಟು ಹೊತ್ತಿಗೆ ಎಂದು ಅದೇ ಸೊಸೈಟಿಯ ಯಾವುದೇ ಕನ್ನಡದ ಮನೆಯಲ್ಲಿ ಕೇಳಿ. 12ರಿಂದ 1.30 ಎಂದು ತಟ್ಟನೆ ಉತ್ತರ ಬರುತ್ತದೆ. ಸೋಮವಾರ 7.30ರಿಂದ 9, ಶನಿವಾರ 9ರಿಂದ 10.30, ಶುಕ್ರವಾರ 10.30ರಿಂದ 12. ಮಗ್ಗಿಯಂತೆ ಬಾಯಿಪಾಠ. ಬುಧವಾರದ ರಾಹುಕಾಲ ಶುರುವಾಗಬೇಕಾದದ್ದು ಸರಿಯಾಗಿ ನಡುಮಧ್ಯಾಹ್ನಕ್ಕೆ, ಏಕೆಂದರೆ ಅದು ಹಗಲಿನ ಎಂಟು ಪಾಲಿನಲ್ಲಿ ಐದನೆಯದು. ನಡುಮಧ್ಯಾಹ್ನವೇ 12ಕ್ಕೆ ಆಗದ ಊರಿನಲ್ಲಿ ರಾಹು ಮಾತ್ರ ಗಡಿಯಾರ ನೋಡಿಕೊಂಡು 12ಕ್ಕೆ ಬರುವುದು ಹೇಗೆ?

ರಾಹುಕಾಲವನ್ನು ನಂಬಬೇಕೋ ಬಿಡಬೇಕೋ ಎಂಬ ಹಳೆಯ ಜಗಳವನ್ನು ಸದ್ಯಕ್ಕೆ ಬದಿಗಿಡೋಣ. ನನ್ನ ತಕರಾರು ಅದಕ್ಕಿಂತ ಮೊದಲಿನದು. ಪಂಚಾಂಗವನ್ನು ಬಿಡದೆ ಪಾಲಿಸುತ್ತೇವೆ ಎನ್ನುವವರು ಪಾಲಿಸುತ್ತಿರುವುದು ಪಂಚಾಂಗವನ್ನಲ್ಲ. ಪಂಚಾಂಗದ ದಿನಗಣನೆ ನಿಂತ ನೆಲದ ಮೇಲೆ ನಿಂತ ವಿದ್ಯೆ. ಸೂರ್ಯ ಎಲ್ಲಿ, ಯಾರಿಗೆ ಹುಟ್ಟಿದ ಎಂಬುದೇ ಅದರ ಮೊದಲ ಪ್ರಶ್ನೆ. ಊರು ಬಿಟ್ಟು ಬಂದು ಮೂರು ತಲೆಮಾರು ಕಳೆದರೂ ಈ ಒಂದು ಪ್ರಶ್ನೆಯನ್ನು ನಾವು ಊರಿನಲ್ಲೇ ಬಿಟ್ಟು ಬಂದಿದ್ದೇವೆ.

ಥಾಣೆಯಿಂದ ಪನವೇಲ್‌ವರೆಗಿನ ಈ ಪಟ್ಟಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಯಲ್ಲಿ ಕಾಲ ಮೂರು ಕಡೆಯಿಂದ ಬರುತ್ತದೆ. ಗೋಡೆಯ ಮೇಲೆ ಕಾಲನಿರ್ಣಯ. ಜಯಂತರಾವ್ ಸಾಳಗಾಂವ್‌ಕರ್ 1973ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಈ ಕ್ಯಾಲೆಂಡರು ಈಗ ಕನ್ನಡದಲ್ಲೂ ಸಿಗುತ್ತದೆ. ದೇವರ ಕೋಣೆಯಲ್ಲಿ ಊರಿನಿಂದ ಬಂದ ಪಂಚಾಂಗ. ಉಡುಪಿ ಕಡೆಯವರಿಗೆ ಒಂದು, ಧಾರವಾಡ ವಿಜಯಪುರದ ಕಡೆಯವರಿಗೆ ಇನ್ನೊಂದು, ಮಠದ ಶಿಷ್ಯರಿಗೆ ಮಠದ್ದು. ಮೂರನೆಯದು ಫೋನು. ಬೆಳಗಾಗುವ ಮೊದಲೇ ಬೆಂಗಳೂರಿನ ಚಿಕ್ಕಪ್ಪನೋ ಕುಂದಾಪುರದ ಅತ್ತೆಯೋ ಮನೆಯವರ ಗುಂಪಿಗೆ ‘ಇಂದಿನ ಪಂಚಾಂಗ’ ಕಳಿಸಿರುತ್ತಾರೆ. ಗೋಡೆಯದು ಮುಂಬಯಿಯ ಸೂರ್ಯೋದಯ, ಕೋಣೆಯದು ಊರಿನದು, ಫೋನಿನದು ಎಲ್ಲಿಯದೆಂದು ಕಳಿಸಿದವರಿಗೂ ಗೊತ್ತಿಲ್ಲ. ತುಳುವರ ಮನೆಗೆ ಇನ್ನೂ ಒಂದು ಎಳೆ ಇದೆ. ಅವರದು ಸೌರಮಾನ. ಪಗ್ಗು, ಬೇಶ ಎಂದು ತಿಂಗಳು ಎಣಿಸುವ ಅವರಿಗೆ ವರ್ಷದ ಮೊದಲ ದಿನ ಬಿಸು. ಡೊಂಬಿವಲಿಯ ಗಣೇಶ ಮಂದಿರ ಸಂಸ್ಥಾನ 1999ರಲ್ಲಿ ಆರಂಭಿಸಿದ ಗುಡಿ ಪಾಡ್ವದ ಶೋಭಾಯಾತ್ರೆಯನ್ನು ಫಡ್ಕೆ ರಸ್ತೆಯಲ್ಲಿ ನಿಂತು ನೋಡಿ ಖುಷಿಪಟ್ಟು, ಮನೆಯಲ್ಲಿ ಬಿಸುಕಣಿ ಇಡಲು ಏಪ್ರಿಲ್ ನಡುವಿನವರೆಗೆ ಕಾಯುವ ಮನೆಗಳು ಅಲ್ಲಿ ಬೇಕಾದಷ್ಟಿವೆ. ಓಣಿಯಲ್ಲಿ ದಹಿಹಂಡಿ ಮುಗಿದು ತಿಂಗಳಾದ ಮೇಲೆ ಉಡುಪಿಯ ಅಷ್ಟಮಿ ಬರುವ ವರ್ಷಗಳೂ ಇವೆ. ಇಷ್ಟೆಲ್ಲ ವ್ಯತ್ಯಾಸವನ್ನು ಸಲೀಸಾಗಿ ನಿಭಾಯಿಸುವ ಜನ ದಿನದೊಳಗಿನ ವೇಳೆಯ ಮಟ್ಟಿಗೆ ಮಾತ್ರ ರಾಹುಕಾಲದ ಆ ಒಂದೇ ಕೋಷ್ಟಕಕ್ಕೆ ಜೋತುಬಿದ್ದಿರುವುದು ವಿಚಿತ್ರ.

ಆ ಕೋಷ್ಟಕ ಹುಟ್ಟಿದ್ದು ಸರಳ ಲೆಕ್ಕದಿಂದ. ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆ, ಹಗಲು 12 ಗಂಟೆ, ಎಂಟರಿಂದ ಭಾಗಿಸಿದರೆ ಒಂದೂವರೆ ಗಂಟೆ. ನೆನಪಿಡಲು ಸುಲಭ, ಅಷ್ಟೇ. ಜನವರಿ ನಡುವಿನಲ್ಲಿ ಡೊಂಬಿವಲಿಯ ಸೂರ್ಯೋದಯ 7.14. ಹಗಲು ಸುಮಾರು 11 ಗಂಟೆ 5 ನಿಮಿಷ, ಎಂಟನೆಯ ಒಂದು ಪಾಲು 83 ನಿಮಿಷ. ಆಗ ಸೋಮವಾರದ ಎರಡನೆಯ ಪಾಲು ಬೀಳುವುದು 8.37ರಿಂದ 10ರ ವರೆಗೆ. ಕೋಷ್ಟಕ ನಂಬಿದವರು 7.30ಕ್ಕೆ, ಅಂದರೆ ಸೂರ್ಯ ಹುಟ್ಟಿ ಕಾಲು ಗಂಟೆ ಆಗುವಾಗಲೇ ರಾಹು ಬಂದನೆಂದು ಬಾಗಿಲಲ್ಲಿ ನಿಲ್ಲುತ್ತಾರೆ. 9 ಹೊಡೆದ ಕೂಡಲೇ ನಿರಾಳವಾಗಿ ಹೊಸ ಅಂಗಡಿಯ ಷಟರ್ ಎತ್ತುತ್ತಾರೆ. ಅವರದೇ ಶಾಸ್ತ್ರದ ಪ್ರಕಾರ ಅದು ರಾಹುಕಾಲದ ಒಳಗೇ. ಶುಕ್ರವಾರದ್ದು ಇನ್ನೂ ಮಜಾ. 10.30 ಎಂದು ನಾವು ಹೇಳುವುದು ಆ ದಿನ 11.23ಕ್ಕೆ ಶುರುವಾಗಿ 12.46ಕ್ಕೆ ಮುಗಿಯುತ್ತದೆ. ಜೂನ್ ಕೊನೆಯಲ್ಲಿ ಸೂರ್ಯೋದಯ 6.01, ಹಗಲು ಹದಿಮೂರೂಕಾಲು ಗಂಟೆ, ಪಾಲು ಹೆಚ್ಚುಕಡಿಮೆ 100 ನಿಮಿಷ. ಆಗ ಸೋಮವಾರ 7.41ರಿಂದ 9.20.

ಈ ಎಡವಟ್ಟು ಪಂಚಾಂಗದ್ದಲ್ಲ. ಪಂಚಾಂಗದಲ್ಲಿ ಪ್ರತಿದಿನದ ದಿನಮಾನ ಕೊಟ್ಟಿರುತ್ತಾರೆ. ಒಂದು ಅಹೋರಾತ್ರಿಗೆ 60 ಗಳಿಗೆ, ಒಂದು ಗಳಿಗೆಗೆ 24 ನಿಮಿಷ. ಅದರಲ್ಲಿ ಹಗಲಿಗೆ ಎಷ್ಟು, ರಾತ್ರಿಗೆ ಎಷ್ಟು ಎಂಬುದು ದಿನದಿನಕ್ಕೆ ಬೇರೆ. ಹಗಲಿಗೆ 15 ಮುಹೂರ್ತ, ರಾತ್ರಿಗೆ 15. ಚಳಿಗಾಲದ ಹಗಲಿನ ಮುಹೂರ್ತ ಗಿಡ್ಡ, ಬೇಸಿಗೆಯದು ಉದ್ದ. ಹಿಂದೆ ಮದುವೆಯ ಚಪ್ಪರದಲ್ಲಿ ಪುರೋಹಿತರು ನೀರಿನ ಪಾತ್ರೆಯಲ್ಲಿ ತಳಕ್ಕೆ ತೂತಿದ್ದ ಗಳಿಗೆಬಟ್ಟಲು ಬಿಟ್ಟು ಕೂರುತ್ತಿದ್ದರು. ಬಟ್ಟಲು ತುಂಬಿ ಮುಳುಗಿದರೆ ಒಂದು ಗಳಿಗೆ. ಅದನ್ನು ಬಿಡಲು ಶುರುಮಾಡುತ್ತಿದ್ದುದು ಆ ಊರಿನ ಸೂರ್ಯ ಕಂಡ ಮೇಲೆ. ಬಟ್ಟಲಿಗೆ ಬೇರೆ ಊರಿನ ವೇಳೆ ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಪಂಚಾಂಗ ಓದುವವರಲ್ಲೂ ಬಹಳ ಮಂದಿ ಇದನ್ನು ಗಮನಿಸಿರುವುದಿಲ್ಲ. ಅದರೊಳಗೆ ಇರುವುದು ಒಂದು ಗಡಿಯಾರವಲ್ಲ, ಎರಡು. ತಿಥಿ, ನಕ್ಷತ್ರ, ಯೋಗ, ಕರಣ ಈ ನಾಲ್ಕೂ ಚಂದ್ರನ ಓಟದ ಲೆಕ್ಕ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಅದು ಮುಗಿಯುವ ಕ್ಷಣ ಉಡುಪಿಗೂ ಡೊಂಬಿವಲಿಗೂ ಲಂಡನ್ನಿಗೂ ಒಂದೇ ಕ್ಷಣ. ಐದನೆಯ ಅಂಗವಾದ ವಾರ ಮಾತ್ರ ಹಾಗಲ್ಲ. ವಾರ ಹುಟ್ಟುವುದು ಸೂರ್ಯೋದಯದೊಂದಿಗೆ, ಸೂರ್ಯೋದಯ ಊರೂರಿಗೆ ಬೇರೆ. ಹಬ್ಬ, ವ್ರತ, ಶ್ರಾದ್ಧ, ಮುಹೂರ್ತ ಎಲ್ಲವೂ ಈ ಎರಡು ಗಡಿಯಾರ ಎಲ್ಲಿ ಕೂಡುತ್ತವೆ ಎಂಬುದರ ಮೇಲೆ ನಿಂತಿವೆ. ಸೂರ್ಯೋದಯಕ್ಕೆ ಇರುವ ತಿಥಿ ಆ ದಿನದ ತಿಥಿ. ಎರಡು ಸೂರ್ಯೋದಯಕ್ಕೆ ಅದೇ ಇದ್ದರೆ ವೃದ್ಧಿ, ಒಂದು ಸೂರ್ಯೋದಯಕ್ಕೂ ಸಿಗದೆ ನಡುವೆಯೇ ಕಳೆದುಹೋದರೆ ಕ್ಷಯ. ಹಳೆಯ ಪಂಚಾಂಗದಲ್ಲಿ ‘ಏಕಾದಶಿ 23-15’ ಎಂದಿದ್ದರೆ ಸೂರ್ಯೋದಯವಾಗಿ 23 ಗಳಿಗೆ 15 ವಿಘಳಿಗೆಗೆ, ಎಂದರೆ 9 ಗಂಟೆ 18 ನಿಮಿಷಕ್ಕೆ ಏಕಾದಶಿ ಮುಗಿಯಿತು ಎಂದರ್ಥ. ಯಾವ ಊರಿನ ಸೂರ್ಯೋದಯ? ಪಂಚಾಂಗ ಯಾವ ಊರಿಗೆ ಗಣಿಸಿದ್ದೋ ಆ ಊರಿನದು. ಅದನ್ನು ತಂದು ಡೊಂಬಿವಲಿಯ ಸೂರ್ಯೋದಯಕ್ಕೆ ಕೂಡಿಸಿದರೆ ಲೆಕ್ಕ ಕೆಟ್ಟಿತು.

ನಮ್ಮ ಗಣಿತಜ್ಞರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಉಜ್ಜಯಿನಿಯ ಮೇಲೆ ಹಾದುಹೋಗುವ ರೇಖೆಯನ್ನು ಮಧ್ಯರೇಖೆ ಎಂದಿಟ್ಟುಕೊಂಡು, ಅದರಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಊರಿಗೆ ದೇಶಾಂತರ ಸಂಸ್ಕಾರ ಮಾಡುತ್ತಿದ್ದರು. ಉತ್ತರಕ್ಕೋ ದಕ್ಷಿಣಕ್ಕೋ ಇರುವುದರಿಂದ ಹಗಲು ಉದ್ದವೋ ಗಿಡ್ಡವೋ ಆಗುವುದಕ್ಕೆ ಚರ ಸಂಸ್ಕಾರ. ಎರಡೂ ಬೇಕು. ದೇಶಾಂತರವೊಂದನ್ನೇ ಹಿಡಿದರೆ ಉಡುಪಿಗಿಂತ ಡೊಂಬಿವಲಿ ಪಶ್ಚಿಮಕ್ಕಿದೆ, ಆದ್ದರಿಂದ ಸೂರ್ಯ ಆರೂವರೆ ನಿಮಿಷ ತಡ ಎಂದು ವರ್ಷವಿಡೀ ಕೂಡಿಸುತ್ತ ಹೋಗುತ್ತೀರಿ. ನಿಜದಲ್ಲಿ ಜನವರಿ ನಡುವಿನಲ್ಲಿ ಉಡುಪಿಯಲ್ಲಿ 6.58ಕ್ಕೆ ಹುಟ್ಟುವ ಸೂರ್ಯ ಡೊಂಬಿವಲಿಯಲ್ಲಿ 7.14ಕ್ಕೆ ಹುಟ್ಟುತ್ತಾನೆ, 16 ನಿಮಿಷ ತಡ. ಜೂನಿನಲ್ಲಿ ಎಲ್ಲ ತಿರುಗುಮುರುಗು. ಉಡುಪಿಯಲ್ಲಿ 6.06, ಡೊಂಬಿವಲಿಯಲ್ಲಿ 6.01. ಪಶ್ಚಿಮದ ಊರಿನಲ್ಲೇ ಸೂರ್ಯ ಮೊದಲು! ಡೊಂಬಿವಲಿ ಸುಮಾರು 6 ಡಿಗ್ರಿ ಉತ್ತರಕ್ಕಿರುವುದರಿಂದ ಬೇಸಿಗೆಯ ಹಗಲು ಅಲ್ಲಿ ಹೆಚ್ಚು ಉದ್ದ. ಊರಿನ ಪಂಚಾಂಗಕ್ಕೆ ಒಂದಿಷ್ಟು ನಿಮಿಷ ಕೂಡಿಸಿ ಇಲ್ಲಿಗೆ ಹೊಂದಿಸಿಕೊಳ್ಳುತ್ತೇನೆ ಎನ್ನುವ ಜಾಣತನವೂ ಇದರಿಂದಾಗಿ ಕೆಲಸಕ್ಕೆ ಬಾರದು.

16 ನಿಮಿಷಕ್ಕೆ ಏನಾಗುತ್ತದೆ ಎನ್ನುವವರಿಗೆ ಏಕಾದಶಿಯ ಉದಾಹರಣೆ ಕೊಡಬಹುದು. ಮಾಧ್ವರಲ್ಲಿ ಏಕಾದಶಿಗೆ ದಶಮಿಯ ವೇಧ ಇರಕೂಡದು. ಸೂರ್ಯೋದಯಕ್ಕೆ 4 ಗಳಿಗೆ ಮೊದಲು, ಎಂದರೆ 96 ನಿಮಿಷ ಮೊದಲು ಅರುಣೋದಯ. ಆ ಹೊತ್ತಿಗೆ ದಶಮಿ ಮುಗಿದಿರಬೇಕು, ಇಲ್ಲವಾದರೆ ಉಪವಾಸ ಮರುದಿನಕ್ಕೆ. ಜನವರಿಯ ಒಂದು ಬೆಳಗಿನ ಜಾವ 5.30ಕ್ಕೆ ದಶಮಿ ಮುಗಿಯಿತು ಎಂದಿಟ್ಟುಕೊಳ್ಳಿ. ಉಡುಪಿಯ ಅರುಣೋದಯ 5.22. ದಶಮಿ 8 ನಿಮಿಷ ಒಳಗೆ ಬಂದಿದೆ, ಏಕಾದಶಿ ವಿದ್ಧ, ಅಲ್ಲಿರುವ ಅಣ್ಣನಿಗೆ ಉಪವಾಸ ನಾಳೆ. ಡೊಂಬಿವಲಿಯ ಅರುಣೋದಯ 5.38. ದಶಮಿ ಆಗಲೇ ಮುಗಿದಿದೆ, ತಮ್ಮನಿಗೆ ಏಕಾದಶಿ ಶುದ್ಧ, ಉಪವಾಸ ಇವತ್ತು. ಒಂದೇ ಮಠ, ಒಂದೇ ನಿಯಮ, ಇಬ್ಬರೂ ಅಕ್ಷರಶಃ ಪಾಲಿಸಿದರೆ ಎರಡು ಬೇರೆ ದಿನ.

ಇಲ್ಲಿ ಎದುರುವಾದ ಏಳುತ್ತದೆ, ಅದರಲ್ಲಿ ಹುರುಳೂ ಇದೆ. ಮನೆಮನೆಗೂ ಒಂದೊಂದು ಏಕಾದಶಿ ಆದರೆ ಸಮುದಾಯ ಉಳಿಯುವುದು ಹೇಗೆ? ಅದಕ್ಕೇ ಅಲ್ಲವೇ ಮಠ ನಿರ್ಣಯ ಕೊಡುವುದು, ಎಲ್ಲಿದ್ದರೂ ಶಿಷ್ಯರು ಅದನ್ನೇ ಅನುಸರಿಸುವುದು? ಒಪ್ಪುವ ಮಾತು. ವ್ರತದ ದಿನ ಎಂಬುದು ಆಕಾಶದ ಲೆಕ್ಕದಷ್ಟೇ ಜನರ ಒಡಂಬಡಿಕೆಯೂ ಹೌದು. ಉತ್ತರಾದಿಮಠದ ಪಂಚಾಂಗಕ್ಕೂ ಮಂತ್ರಾಲಯದ್ದಕ್ಕೂ ಒಮ್ಮೊಮ್ಮೆ ಏಕಾದಶಿ ಹೊಂದದೆ ಹೋದಾಗ ಒಂದೇ ಕಟ್ಟಡದ ಎರಡು ಮನೆಯವರು ಜಗಳವಾಡದೆ ತಮ್ಮ ತಮ್ಮ ದಿನ ಉಪವಾಸವಿದ್ದು ಮುಗಿಸುತ್ತಾರೆ. ದಿನದ ವಿಷಯದಲ್ಲಿ ಮಠದ ಮಾತು ನಡೆಯಲಿ. ಆದರೆ ದಿನದೊಳಗಿನ ಹೊತ್ತಿಗೆ ಯಾವ ಒಡಂಬಡಿಕೆಯೂ ಬೇಕಿಲ್ಲ. ಸಂಧ್ಯಾವಂದನೆಯನ್ನು ಎಲ್ಲರೂ ಒಂದೇ ನಿಮಿಷಕ್ಕೆ ಮಾಡಬೇಕೆಂದು ಯಾರೂ ಹೇಳಿಲ್ಲ. ಅದು ಅವರವರ ಸೂರ್ಯನ ಜೊತೆ ಅವರವರ ವ್ಯವಹಾರ. ಉಡುಪಿಯ ಹೊತ್ತನ್ನು ಡೊಂಬಿವಲಿಯಲ್ಲಿ ಆಚರಿಸುವುದಕ್ಕೆ ಶಾಸ್ತ್ರದ ಆಧಾರವೂ ಇಲ್ಲ, ಸಮುದಾಯದ ಸಬೂಬೂ ಇಲ್ಲ.

ಗಡಿಯಾರಕ್ಕೂ ಸೂರ್ಯನಿಗೂ ಹೀಗೆ ಸಂಬಂಧ ಹರಿದದ್ದು ಯಾವಾಗ ಎಂದು ಹುಡುಕಿದರೆ ಈ ಊರುಗಳೇ ಸಿಗುತ್ತವೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ದೇಶದ ಮೊದಲ ಪ್ರಯಾಣಿಕ ರೈಲು ಹೊರಟು ಬಂದದ್ದು ಥಾಣೆಗೆ. ಮರುವರ್ಷ ಹಳಿ ಕಲ್ಯಾಣಕ್ಕೆ ಮುಟ್ಟಿತು. ಮುಂದೆ ರೈಲ್ವೆ ಮದ್ರಾಸ್ ವೇಳೆಗೆ ಒಗ್ಗಿತು. ಅದು ಬಾಂಬೆಯ ಸ್ಥಳೀಯ ವೇಳೆಗಿಂತ ಅರ್ಧ ಗಂಟೆ ಮುಂದೆ. 1881ರಲ್ಲಿ ಗವರ್ನರ್ ಜೇಮ್ಸ್ ಫರ್ಗ್ಯುಸನ್ ಮದ್ರಾಸ್ ವೇಳೆಯನ್ನು ಬಾಂಬೆಗೂ ತರಲು ಹೊರಟು, ಜನರ ವಿರೋಧಕ್ಕೆ ಮಣಿದು ಕೈಬಿಡಬೇಕಾಯಿತು. 1906ರ ಜನವರಿ 1ರಿಂದ ಭಾರತದ ಪ್ರಮಾಣಿತ ವೇಳೆ ಬಂತು, 82.5 ಡಿಗ್ರಿ ರೇಖಾಂಶದ್ದು. ಬಾಂಬೆಯ ಗಡಿಯಾರ ಒಮ್ಮೆಲೇ 39 ನಿಮಿಷ ಮುಂದೆ ಹೋಗಬೇಕಿತ್ತು. ಗಿರಣಿ ಕಾರ್ಮಿಕರು ಪ್ರತಿಭಟಿಸಿದರು, ನಗರಸಭೆ ಪಟ್ಟುಹಿಡಿಯಿತು, ಸ್ವಾತಂತ್ರ್ಯ ಬಂದ ಮೇಲೂ ಕೆಲಕಾಲ ‘ಬಾಂಬೆ ಟೈಮ್’ ಉಸಿರಾಡುತ್ತಿತ್ತು. ಕೂಲಿಯವನಿಗೆ ಅದು ರಾಜಕೀಯಕ್ಕಿಂತ ಮೊದಲು ನಿದ್ದೆಯ ಪ್ರಶ್ನೆ. ಸೂರ್ಯ ಹುಟ್ಟುವ ಮೊದಲೇ ಗಿರಣಿಯ ಸಿಳ್ಳೆ ಕೂಗಿದರೆ ಯಾರಿಗೆ ಬೇಕು?

ಆ 39 ನಿಮಿಷದ ಒಳಗೇ ನಮ್ಮ ರಾಹುಕಾಲದ ಕೋಷ್ಟಕದ ರಹಸ್ಯವಿದೆ. ಸ್ಥಳೀಯ ವೇಳೆ ನಡೆಯುತ್ತಿದ್ದ ಕಾಲದಲ್ಲಿ ನಡುಮಧ್ಯಾಹ್ನ 12ರಿಂದ ಹೆಚ್ಚೆಂದರೆ ಸುಮಾರು ಕಾಲು ಗಂಟೆ ಆಚೀಚೆ ಆಗುತ್ತಿತ್ತು. 6ರಿಂದ 6 ಎಂಬ ಲೆಕ್ಕ ಸುಮಾರಾಗಿ ಒಪ್ಪುತ್ತಿತ್ತು. ಗಡಿಯಾರವನ್ನು ಮುಂದೆ ತಳ್ಳಿದರು, ಕೋಷ್ಟಕವನ್ನು ಯಾರೂ ತಳ್ಳಲಿಲ್ಲ. ಬೆಂಗಳೂರಿನಲ್ಲಿ ಈ ತಪ್ಪು ಸುಮಾರು 20 ನಿಮಿಷದ್ದು, ಉಡುಪಿಯಲ್ಲಿ 31, ಡೊಂಬಿವಲಿಗೆ ಬರುವಾಗ 38. ಪಶ್ಚಿಮಕ್ಕೆ ಸರಿದಷ್ಟೂ ತಪ್ಪು ದೊಡ್ಡದು. ಬ್ರಿಟಿಷರ ಕಾಲದ ರೈಲ್ವೆ ಸಮಯಕ್ಕೆ ರಾಹುವನ್ನು ಕಟ್ಟಿಹಾಕಿ ಅದನ್ನೇ ಸನಾತನವೆಂದು ಪಾಲಿಸುತ್ತಿದ್ದೇವೆ.

ಪಂಚಾಂಗ ಮುಟ್ಟಿದರೆ ಧರ್ಮ ಕೆಡುತ್ತದೆ ಎಂಬ ಭಯವೂ ಹೊಸದಲ್ಲ. ತಿಥಿ 60 ಗಳಿಗೆಗಿಂತ ಹೆಚ್ಚಿದರೆ 5 ಗಳಿಗೆ, ಕಡಿಮೆಯಾದರೆ 6 ಗಳಿಗೆ, ಅದಕ್ಕಿಂತ ಮೀರಬಾರದು ಎಂಬ ‘ಬಾಣವೃದ್ಧಿ ರಸಕ್ಷಯ’ವನ್ನು ಹಿಡಿದು ಹಳಬರು, ಕಣ್ಣಿಗೆ ಕಾಣುವ ಆಕಾಶಕ್ಕೆ ಹೊಂದುವ ದೃಗ್ಗಣಿತವನ್ನು ತಡೆದು ನಿಲ್ಲಿಸಿದ್ದರು. ಆಕಾಶದಲ್ಲಿ ಕಾಣುವ ಚಂದ್ರ ಆ ಮಾತು ಕೇಳುವುದಿಲ್ಲ. ನಿಜವಾದ ತಿಥಿ 20 ಗಂಟೆಯಿಂದ 26 ಗಂಟೆ 47 ನಿಮಿಷದವರೆಗೂ ಹಿಗ್ಗುತ್ತದೆ, ಕುಗ್ಗುತ್ತದೆ. ಈ ಜಗಳದಲ್ಲಿ ಆಕಾಶದ ಪಕ್ಷ ವಹಿಸಿದವರಲ್ಲಿ ಮುಖ್ಯರು ವೆಂಕಟೇಶ ಬಾಪೂಜಿ ಕೇತಕರ. 1854ರಲ್ಲಿ ನರಗುಂದದಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿ ಮಾಸ್ತರಿಕೆ ಮಾಡಿದ ಈ ವಿದ್ವಾಂಸರು ‘ಜ್ಯೋತಿರ್ಗಣಿತ’, ‘ಕೇತಕೀ ಗ್ರಹಗಣಿತ’ ಬರೆದು ಕಣ್ಣಿಗೆ ಕಾಣುವ ಗ್ರಹಕ್ಕೆ ಹೊಂದುವ ಲೆಕ್ಕವನ್ನು ಪಂಚಾಂಗಕರ್ತರ ಕೈಗಿಟ್ಟರು. ಮಹಾರಾಷ್ಟ್ರದ ಪಂಚಾಂಗ ಸುಧಾರಣೆಗೆ ತಿಲಕರಂಥವರೂ ತಲೆಕೊಟ್ಟಿದ್ದರು. ಸ್ವಾತಂತ್ರ್ಯಾನಂತರ ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿ ರಾಷ್ಟ್ರೀಯ ಪಂಚಾಂಗ ರೂಪಿಸಿತು, ಅದು 1957ರ ಮಾರ್ಚ್ 22ರಿಂದ ಜಾರಿಗೆ ಬಂತು. ದೇಶಕ್ಕೆಲ್ಲ ಒಂದೇ ಲೆಕ್ಕ ಬೇಕಾದಾಗ ಅವರು ಹಿಡಿದದ್ದು 82.5 ಡಿಗ್ರಿ ರೇಖಾಂಶವನ್ನೂ ಉಜ್ಜಯಿನಿಯ ಅಕ್ಷಾಂಶವನ್ನೂ. ಅವೆರಡು ಕೂಡುವ ಬಿಂದು ಉಜ್ಜಯಿನಿಯೂ ಅಲ್ಲ, ಡೊಂಬಿವಲಿಯಂತೂ ಅಲ್ಲ. ಸರಕಾರದ ರಜೆ ಗೊತ್ತುಮಾಡಲು ಅದು ಸಾಕು. ಮನೆಯಲ್ಲಿ ದೀಪ ಹಚ್ಚುವ ಹೊತ್ತು ಅದರಿಂದ ಗೊತ್ತಾಗದು. ನರಗುಂದದ ಮಾಸ್ತರರು ಒಬ್ಬರೇ ಕೂತು ಕಾಗದದ ಮೇಲೆ ಗ್ರಹಗಳನ್ನು ಹಿಡಿದಿಟ್ಟ ನಾಡಿನವರು ನಾವು; ಹಗಲನ್ನು ಎಂಟರಿಂದ ಭಾಗಿಸಲು ಸೋಮಾರಿತನವೇ?

ಹಗಲನ್ನು ಐದು ಪಾಲು ಮಾಡುವ ಇನ್ನೊಂದು ಕ್ರಮವಿದೆ. ಪ್ರಾತಃ, ಸಂಗವ, ಮಧ್ಯಾಹ್ನ, ಅಪರಾಹ್ಣ, ಸಾಯಾಹ್ನ. ಒಂದೊಂದಕ್ಕೂ ಮೂರು ಮುಹೂರ್ತ. ನನಗೆ ರಾಹುಕಾಲಕ್ಕಿಂತ ಇದು ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ, ಏಕೆಂದರೆ ಇದು ಹೊತ್ತನ್ನು ಕೆಟ್ಟದ್ದೆಂದು ಹೆದರಿಸುವುದಿಲ್ಲ, ಇಂಥ ಕೆಲಸಕ್ಕೆ ಇಂಥ ಹೊತ್ತು ಎಂದು ಹಂಚಿಕೊಡುತ್ತದೆ. ಗಣೇಶ ಚತುರ್ಥಿಯ ಪೂಜೆ ಮಧ್ಯಾಹ್ನದ್ದು. ಸೆಪ್ಟೆಂಬರ್ ಮೊದಲ ವಾರದಲ್ಲಿ ಡೊಂಬಿವಲಿಯಲ್ಲಿ ಅದು ಸುಮಾರು 11.20ರಿಂದ 1.50. ಆದರೆ ಆ ದಿನ ಗುರೂಜಿಗಳು ಬೆಳಗಿನ ಜಾವದಿಂದ ಸ್ಕೂಟರಿನಲ್ಲಿ ಮನೆಯಿಂದ ಮನೆಗೆ ಓಡುತ್ತಿರುತ್ತಾರೆ. 6ಕ್ಕೆ ಪ್ರಾಣಪ್ರತಿಷ್ಠೆಯಾದ ಗಣಪನೂ ಇದ್ದಾನೆ, 4ಕ್ಕೆ ಆದವನೂ ಇದ್ದಾನೆ. ಪಿತೃಪಕ್ಷದ ಶ್ರಾದ್ಧಕ್ಕೆ ಅಪರಾಹ್ಣ ಹೇಳಿದೆ. ಸೆಪ್ಟೆಂಬರ್ ಕೊನೆಯಲ್ಲಿ ಅದು ಸುಮಾರು 1.40ರಿಂದ 4.05. ಎಂಟನೆಯ ಮುಹೂರ್ತವಾದ ಕುತಪದಲ್ಲಿ ಆರಂಭಿಸುವುದಾದರೆ 12.05ರಿಂದ 12.55. ಬೇಲಾಪುರದ ಕಚೇರಿಗೆ ಹೋಗುವವರು ಬೆಳಿಗ್ಗೆ 7ಕ್ಕೇ ಪಿಂಡ ಇಟ್ಟು ಬಸ್ಸು ಹಿಡಿಯುತ್ತಾರೆ. ಅವರನ್ನು ಆಡಿಕೊಳ್ಳುವುದು ಸಲ್ಲದು. ಮುಖ್ಯಕಾಲ ತಪ್ಪಿದರೆ ಗೌಣಕಾಲ ಎಂದು ಧರ್ಮಶಾಸ್ತ್ರವೇ ದಾರಿ ಬಿಟ್ಟಿದೆ. ಸಂಧ್ಯಾವಂದನೆ ಹೊತ್ತು ಮೀರಿದರೆ ಒಂದು ಪ್ರಾಯಶ್ಚಿತ್ತ ಅರ್ಘ್ಯ ಹೆಚ್ಚು ಕೊಟ್ಟರಾಯಿತು. ಮುಂಬಯಿಯ ಕಚೇರಿಯ ಲೇಟ್ ಮಾರ್ಕಿನ ಹಾಗೆ. ಸಂಬಳ ಕತ್ತರಿಸುವುದಿಲ್ಲ, ತಡವಾದದ್ದು ದಾಖಲಾಗುತ್ತದೆ. ತಡವಾಯಿತೆಂದು ತಿಳಿಯಬೇಕಾದರೆ ಸರಿಯಾದ ಹೊತ್ತು ಯಾವುದೆಂದು ಗೊತ್ತಿರಬೇಕಲ್ಲ?

ಬ್ರಾಹ್ಮೀ ಮುಹೂರ್ತದ ಮಾತೂ ಹೀಗೆಯೇ. 4.30ಕ್ಕೆ ಅಲಾರಾಂ ಇಡುವುದು ಜೂನಿನಲ್ಲಿ ಸರಿ. ಜನವರಿಯಲ್ಲಿ ಆ ಮುಹೂರ್ತ ಬರುವುದೇ 5.38ರ ಹೊತ್ತಿಗೆ, 6.26ಕ್ಕೆ ಮುಗಿಯುತ್ತದೆ. ಒಂದು ಗಂಟೆಯ ನಿದ್ದೆ ಉಳಿಯಿತು. ಕಸಾರಾ, ಕರ್ಜತ್ ಲೋಕಲ್ಲಿನಲ್ಲಿ ನಿಂತು ಹೋಗುವವರಿಗೆ ಅದೇನು ಸಣ್ಣ ಲಾಭವೇ?

ಇನ್ನು ಬದಿಗಿಟ್ಟಿದ್ದ ಜಗಳ. ಇಷ್ಟು ನಿಮಿಷ ನಿಮಿಷ ಲೆಕ್ಕ ಹಾಕಿ ಮೂಢನಂಬಿಕೆಗೆ ನೀರೆರೆಯುವುದೇಕೆ ಎಂದು ವಿಚಾರವಾದಿಗಳು ಕೇಳಬಹುದು. ಪಂಚಾಂಗದಲ್ಲಿ ಅಳತೆ ಬೇರೆ, ಫಲ ಬೇರೆ. ಅಳತೆ ಸರಿಯೋ ತಪ್ಪೋ ಎಂದು ಟೆರೇಸಿನ ಮೇಲೆ ಪರೀಕ್ಷಿಸಬಹುದು. ಫಲವನ್ನು ಪರೀಕ್ಷಿಸಲು ಬಾರದು. ಕಲ್ಯಾಣದ ಒಂದೇ ಮಹಡಿಯಲ್ಲಿ ಮಂಗಳೂರಿನವರು ರಾಹುಕಾಲ ನೋಡುತ್ತಾರೆ. ಎದುರು ಬಾಗಿಲಿನ ಗುಜರಾತಿಗಳು ಅದೇ ಹಗಲನ್ನು ಅದೇ ಎಂಟು ಪಾಲು ಮಾಡಿ ಚೌಘಡಿಯಾ ಎನ್ನುತ್ತಾರೆ, ಅದರಲ್ಲಿ ಅಮೃತ, ಶುಭ, ಲಾಭ ಹುಡುಕುತ್ತಾರೆ. ಬುಧವಾರ ಹಗಲಿನ ಮೊದಲ ಪಾಲು ಅವರಿಗೆ ಲಾಭ, ಎರಡನೆಯದು ಅಮೃತ. ಪಕ್ಕದ ಮರಾಠಿ ಮನೆಯವರು ಎರಡನ್ನೂ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳದೆ ಸಂಕಷ್ಟಿಯ ಚಂದ್ರೋದಯ ಎಷ್ಟಕ್ಕೆಂದು ವಿಚಾರಿಸುತ್ತಾರೆ. ಮೂರು ಮನೆಯವರೂ ಮನೆ ಕೊಂಡಿದ್ದಾರೆ, ಮಕ್ಕಳಿಗೆ ಮದುವೆ ಮಾಡಿದ್ದಾರೆ, ಸುಖದುಃಖ ಉಂಡಿದ್ದಾರೆ. ಫಲದ ಮಾತು ಮನೆಮನೆಗೆ ಬೇರೆಯಾದರೂ ಅಳತೆ ಎಲ್ಲರಿಗೂ ಒಂದೇ ಎಂಬುದನ್ನು ಗಮನಿಸಬೇಕು. ರಾಹುವಿನಲ್ಲಿ ಕೇಡಿದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಹಗಲಿನ ಉದ್ದ ಬಲ್ಲವರ ಜಾಣ್ಮೆಯನ್ನು ಮಾತ್ರ ಒಪ್ಪದೆ ಇರಲಾರೆ. ಫಲವನ್ನು ನಂಬಿ ಅಳತೆಯನ್ನು ಮರೆತವರು, ಫಲದ ಜೊತೆಗೆ ಅಳತೆಯನ್ನೂ ಕಸದ ಡಬ್ಬಿಗೆ ಹಾಕಿದವರು, ಇಬ್ಬರ ಕೈಗೂ ಸಿಕ್ಕದೆ ಹೋದದ್ದು ಆ ಜಾಣ್ಮೆಯೇ.

ನಂಬುವವರಿಗಂತೂ ಇದು ತಮ್ಮ ಲೆಕ್ಕಕ್ಕೇ ಬೇಕಾದ ವಿಷಯ. ಮಂಗಳವಾರ ಬೆಳಗಿನ ಜಾವ 3ಕ್ಕೆ ಹುಟ್ಟಿದ ಮಗು ಪಾಲಿಕೆಯ ಜನನ ಪತ್ರದಲ್ಲಿ ಮಂಗಳವಾರದ್ದು, ಜಾತಕದಲ್ಲಿ ಸೋಮವಾರದ್ದು. ಜಾತಕದ ಲಗ್ನ ಸರಾಸರಿ 4 ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಖಾರಘರದಲ್ಲಿ ಫ್ಲಾಟು ಕೊಂಡವರಿಗೆ ಕುಂದಾಪುರದ ಭಟ್ಟರು ಫೋನಿನಲ್ಲಿ ಹಾಲು ಉಕ್ಕಿಸುವ ಮುಹೂರ್ತ ಹೇಳುವಾಗ ಯಾವ ಊರಿಗೆ ಲಗ್ನ ಕಟ್ಟಿದ್ದು ಎಂದು ಒಂದು ಮಾತು ಕೇಳಬೇಕು. ಕೇಳಿದರೆ ಭಟ್ಟರಿಗೆ ಸಿಟ್ಟು ಬರುವುದಿಲ್ಲ. ಬಲ್ಲವರಾದರೆ ಸಂತೋಷವೇ ಪಟ್ಟಾರು. ಪೂಜೆಗೆ ಕೂತಾಗ ಅವರೇ ಹೇಳಿಸುವ ಸಂಕಲ್ಪದಲ್ಲಿ ಸಂವತ್ಸರ, ಮಾಸ, ತಿಥಿ ಬರುವ ಮೊದಲು ದೇಶ ಬರುತ್ತದೆ: ಗೋದಾವರಿಯ ದಕ್ಷಿಣ ತೀರ, ಪರಶುರಾಮ ಕ್ಷೇತ್ರ. ನಾಶಿಕದ ದಕ್ಷಿಣಕ್ಕಿರುವ, ಕೊಂಕಣದ ನೆಲವಾದ ಈ ಪಟ್ಟಿಗೂ ಎರಡೂ ಒಪ್ಪುತ್ತವೆ. ಮಂತ್ರದಲ್ಲಿ ಬದಲಿಸಬೇಕಾದದ್ದು ಏನೂ ಇಲ್ಲ.

ಡೊಂಬಿವಲಿ ಕರ್ನಾಟಕ ಸಂಘದಿಂದ ಹಿಡಿದು ನವಿಮುಂಬಯಿಯವರೆಗೆ ಹರಡಿರುವ ನಮ್ಮ ಕನ್ನಡ ತುಳು ಸಂಘಗಳಲ್ಲಿ, ಮಂದಿರಗಳಲ್ಲಿ ಒಂದು ವಿನಂತಿ. ಹೊಸ ವರ್ಷಕ್ಕೆ ಜಾಹೀರಾತು ಕೂಡಿಸಿ ಕ್ಯಾಲೆಂಡರು ಛಾಪಿಸುವಾಗ ಹಿಂಬದಿಯ ಒಂದು ಪುಟ ಖಾಲಿ ಬಿಡಿಸಿಕೊಳ್ಳಿ. ಅದರಲ್ಲಿ ವಾರಕ್ಕೊಂದರಂತೆ 52 ಸಾಲು: ಕಲ್ಯಾಣ ಡೊಂಬಿವಲಿಯ ಸೂರ್ಯೋದಯ, ಸೂರ್ಯಾಸ್ತ, ನಡುಮಧ್ಯಾಹ್ನ, ದಿನಮಾನದ ಎಂಟನೆಯ ಪಾಲು. ಮುಂಬಯಿ ಕೋಟೆಯ ಸೂರ್ಯೋದಯಕ್ಕಿಂತ ಇಲ್ಲಿ ಒಂದು ನಿಮಿಷ ಮೊದಲು ಎಂಬುದನ್ನೂ ಸೇರಿಸಿ. ರಾಹುಕಾಲ ಬೇಕಾದವರು ತಮ್ಮದನ್ನು ತಾವೇ ಎಣಿಸಿಕೊಳ್ಳುತ್ತಾರೆ, ಬೇಡವಾದವರು ದೀಪ ಹಚ್ಚುವ ಹೊತ್ತು ನೋಡುತ್ತಾರೆ, ಶಾಲೆಯ ಮಕ್ಕಳಿಗೆ ಭಾಗಾಕಾರದ ಲೆಕ್ಕವಾದರೂ ಸಿಗುತ್ತದೆ. ಬರುವ ಯುಗಾದಿಯ ಕ್ಯಾಲೆಂಡರಿಗೆ ಇದನ್ನು ಮಾಡಲು ಒಬ್ಬ ಗಣಿತದ ಮೇಷ್ಟ್ರು ಸಾಕು.